ಕಡ್ಡಿ ಚುಚ್ಚದ ಹನ್ನೆರಡು ನಿಮಿಷ

ನಂಬಿಕೆಯ ವಿಷಯದಲ್ಲಿ ನಾನು ಸ್ವಲ್ಪ ಬಡವ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ಹಿಂದೆ ಬಂದು ಬೀಗ ಎಳೆದು ನೋಡುತ್ತೇನೆ. ಗ್ಯಾಸ್ ಆಫ್ ಮಾಡಿದ್ದೇನೆ ಎಂದು ಹೆಂಡತಿ ಹೇಳಿದರೆ, ಸರಿ ಎಂದು ತಲೆಯಾಡಿಸಿ, ಅವಳು ಅತ್ತ ಹೋದಮೇಲೆ ಒಮ್ಮೆ ಹೋಗಿ ಮುಟ್ಟಿ ಬರುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ನನ್ನದು. ಉತ್ತರ ಸರಿಯಿದ್ದರೂ 'ಹೇಗೆ ಬಂತು ತೋರಿಸು' ಎಂದು ಮಕ್ಕಳನ್ನು ಪೀಡಿಸಿ ಸಂಬಳ ತೆಗೆದುಕೊಳ್ಳುವವನಿಗೆ ಬೇರೆ ಸ್ವಭಾವ ಬರುವುದಾದರೂ ಎಲ್ಲಿಂದ? ಆದರೆ ತಪ್ಪನ್ನೆಲ್ಲ ಕಸುಬಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಈ ಗುಣ ನನಗೆ ಬಂದದ್ದು ಅಮ್ಮನಿಂದ, ಅಮ್ಮನಿಗೆ ಬಂದದ್ದು ತೆಂಗಿನಗರಿಯ ಕಡ್ಡಿಯಿಂದ.

ನೆಕ್ರಾಜೆಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಉಪ್ಪಿನ ಭರಣಿಯ ಪಕ್ಕದ ಸ್ಟೀಲು ಲೋಟದಲ್ಲಿ, ತೊಳೆದು ಒಣಗಿಸಿದ ಹತ್ತು ಹನ್ನೆರಡು ಕಡ್ಡಿಗಳು ಯಾವಾಗಲೂ ನಿಂತಿರುತ್ತವೆ. ಹಿಡಿಸೂಡಿಯಾಗಿ ಅಂಗಳ ಗುಡಿಸಬೇಕಾದವು, ಬಡ್ತಿ ಸಿಕ್ಕಿ ಒಳಗೆ ಬಂದವು. ಕಡುಬಿರಲಿ, ಪತ್ರೊಡೆಯಿರಲಿ, ಹಲಸಿನಹಣ್ಣಿನ ಗಟ್ಟಿಯಿರಲಿ, ಒಲೆಯಿಂದ ಇಳಿಯುವ ಮೊದಲು ಅಮ್ಮನ ಕಡ್ಡಿ ಅದರ ಹೊಟ್ಟೆಗೆ ಇಳಿದು ಬರಬೇಕು. ಕಡ್ಡಿ ಒಣಗಿ ಬಂದರೆ ಬೆಂದಿದೆ, ಹಿಟ್ಟು ಅಂಟಿ ಬಂದರೆ ಬೆಂದಿಲ್ಲ. ಅಮ್ಮನ ಲೋಕದಲ್ಲಿ ಮೂರನೆಯದೊಂದು ಇಲ್ಲ. ನನ್ನ ತಂಗಿಯನ್ನು ನೋಡಲು ಬಂದಿದ್ದ ಮೊದಲ ಹುಡುಗನಿಗೆ ಮೂರೇ ಪ್ರಶ್ನೆ ಕೇಳಿ, ಕಾಫಿ ಕೊಟ್ಟು ಕಳಿಸಿ, "ಕಡ್ಡಿಗೆ ಅಂಟುತ್ತದೆ, ಇನ್ನೂ ಎರಡು ವರ್ಷ ಬೇಯಬೇಕು" ಎಂದವಳು ಅವಳು. ಹೇಳಿದ್ದು ತುಳುವಿನಲ್ಲಿ, ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಇಳಿದಿದೆ.

ಇಂಥ ಮನೆಗೆ ಚಾಕಲೇಟ್ ಲಾವಾ ಕೇಕ್ ಕಾಲಿಟ್ಟಿತು. ತಿಳಿಯದವರಿಗೆ ಹೇಳುತ್ತೇನೆ: ಇದು ಸಣ್ಣ ಬಟ್ಟಲಲ್ಲಿ ಮಾಡುವ ಕೇಕು. ಹೊರಗೆ ಬೆಂದಿರಬೇಕು, ಒಳಗೆ ಬೇಯಬಾರದು. ಚಮಚ ಇಟ್ಟ ಕೂಡಲೇ ನಡುವಿನಿಂದ ಬಿಸಿ ಚಾಕಲೇಟು ತಟ್ಟೆಗೆ ಹರಿದು ಬರಬೇಕು. ಎಂದರೆ, ಕಡ್ಡಿಗೆ ಅಂಟಿದರೆ ಪಾಸು, ಅಂಟದಿದ್ದರೆ ಫೇಲು. ನಮ್ಮ ಮನೆಯ ಇಡೀ ಸಂವಿಧಾನವನ್ನೇ ಬುಡಮೇಲು ಮಾಡುವ ತಿಂಡಿ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಸಿಂಚನ ಒಂದು ವಾರ ಮೊಬೈಲಿನಲ್ಲಿ ನೋಡಿ ಕಲಿತು, ತನ್ನ ಹುಟ್ಟುಹಬ್ಬಕ್ಕೆ ನಾಲ್ಕು ಜನ ಗೆಳತಿಯರನ್ನು ಕರೆದು, ಇದನ್ನು ತಾನೇ ಮಾಡಿದಳು. ಓವನ್ ಆಫ್ ಮಾಡಿ, ಗೆಳತಿಯರನ್ನು ಕರೆತರಲು ಬಸ್‌ಸ್ಟಾಪಿಗೆ ಓಡಿದಳು. ಬಸ್ಸು ತಡವಾಯಿತು. ಆ ಅರ್ಧ ಗಂಟೆ ಅಡುಗೆಕೋಣೆಯಲ್ಲಿ ಇದ್ದದ್ದು ನಾನು, ಕೇಕು ಮತ್ತು ಕಡ್ಡಿಯ ಲೋಟ. ಚುಚ್ಚಿದೆ. ಅಂಟಿತು. ಪಾಪ ಮಗು, ಗಡಿಬಿಡಿಯಲ್ಲಿ ಬೇಯಿಸದೆ ಹೋಗಿದೆ ಎಂದುಕೊಂಡು ಓವನ್ ಮತ್ತೆ ಹಾಕಿ ಇಪ್ಪತ್ತು ನಿಮಿಷ ಚೆನ್ನಾಗಿ ಬೇಯಿಸಿದೆ.

ಮುಂದಿನದು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಗೆಳತಿಯರು ಮರ್ಯಾದೆಗೆ ಒಂದೊಂದು ತುಂಡು ಬಾಯಿಗೆ ಹಾಕಿ ಅಗಿದೇ ಅಗಿದರು. ಒಬ್ಬಳು ಚಮಚದಿಂದ ನಡುವನ್ನು ಕೆರೆದು, "ಇದ್ರಲ್ಲಿ ಹರಿಯುವುದು ಎಲ್ಲಿ ಉಂಟು?" ಎಂದು ಕೇಳಿದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. "ಮೊದಲು ಬೆಂದಿರಲಿಲ್ಲ ಮಗಾ, ನಾನು ಸರಿ ಮಾಡಿದೆ" ಎಂದು ಹೆಮ್ಮೆಯಿಂದ ಹೇಳಿದೆ. ಸಿಂಚನ ನನ್ನ ಮುಖ ನೋಡಿದಳು, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಎರಡು ವಾರ ನನ್ನ ಪಾಲಿಗೆ ಅವಳ ಬಾಯಿಂದ ಬಂದದ್ದು ಮೂರೇ ಮಾತು: 'ಹೂಂ', 'ಇಲ್ಲ', 'ಅಮ್ಮನತ್ರ ಕೇಳಿ'. ಅದನ್ನಾದರೂ ಸಹಿಸಬಹುದಿತ್ತು. ಪ್ರತಿ ಸಂಜೆ ಗಣಿತದ ಪುಸ್ತಕ ಹಿಡಿದು ನನ್ನ ಪಕ್ಕ ಕೂರುತ್ತಿದ್ದವಳು ಬರುವುದು ನಿಲ್ಲಿಸಿದಳು. ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಯಾವನೋ ಮಾಷ್ಟ್ರ ಪಾಠ ಕೇಳತೊಡಗಿದಳು. ಆ ಮಾಷ್ಟ್ರ ದನಿ ಬಾಗಿಲ ಸಂದಿನಿಂದ ಕೇಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಳ್ಳೇಕೆ, ಅಳುವೂ ಬರುತ್ತಿತ್ತು.

ನನ್ನ ಹೆಂಡತಿ ವಿನುತಳಿಗೆ ಬದಿಯಡ್ಕದಲ್ಲಿ ಹೊಲಿಗೆ ಅಂಗಡಿ. ಅಡ್ಡಗೋಡೆಯ ಮೇಲೆ ದೀಪ ಇಡುವ ಅಭ್ಯಾಸ ಅವಳಿಗಿಲ್ಲ. "ತಪ್ಪಾಯ್ತು ಮಗಾ ಅಂತ ಹೇಳ್ಲಿಕ್ಕೆ ನಿಮಗೆ ಎಂತ ಕಷ್ಟ? ಎರಡು ಶಬ್ದ ಉಂಟು ಅಷ್ಟೆ" ಎಂದು ಕಡ್ಡಿ ಮುರಿದಂತೆ ಹೇಳಿದಳು. ಹೇಳಬಹುದಿತ್ತು. ಆದರೆ ಬೋರ್ಡಿನ ಮೇಲೆ ತಪ್ಪು ಬರೆದರೂ 'ನೀವು ಗಮನಿಸುತ್ತೀರಾ ಅಂತ ನೋಡಿದ್ದು' ಎಂದು ಹೇಳಿ ಅಭ್ಯಾಸವಾದ ನಾಲಿಗೆ ಇದು. ಆ ಎರಡು ಶಬ್ದಕ್ಕೆ ತಿರುಗುವುದಿಲ್ಲ. ಅದರ ಬದಲು ಆ ಕೇಕನ್ನು ನಾನೇ ಮಾಡಿ, ಹರಿಯುವ ಹಾಗೆಯೇ ಮಾಡಿ, ಅವಳ ಮುಂದೆ ಇಟ್ಟುಬಿಡುತ್ತೇನೆ ಎಂದೆ. ವಿನುತ ನಕ್ಕಳು. "ಎರಡು ಶಬ್ದಕ್ಕೆ ಬೆಣ್ಣೆ, ಮೊಟ್ಟೆ, ಕರೆಂಟು ಯಾವುದೂ ಬೇಡ" ಎಂದಳು.

ಹತ್ತಿರದ ಮನೆಯ ಆಯಿಷಾ ಆರ್ಡರಿಗೆ ಕೇಕು ಮಾಡಿಕೊಡುವವಳು. ಆರು ಸಣ್ಣ ಬಟ್ಟಲು ಕೇಳಲು ಅವಳಲ್ಲಿಗೆ ಹೋದೆ. "ಇದರಷ್ಟು ಸುಲಭದ್ದು ಬೇರೆ ಇಲ್ಲ ಮಾಷೇ" ಎಂದಳು. ಚಾಕಲೇಟು, ಬೆಣ್ಣೆ ಕರಗಿಸಬೇಕು. ಮೊಟ್ಟೆ, ಸಕ್ಕರೆ ಕದಡಿ ಸೇರಿಸಬೇಕು. ಮೂರು ಚಮಚ ಮೈದಾ ಹಾಕಬೇಕು. ಓವನಿನಲ್ಲಿ ಹನ್ನೆರಡು ನಿಮಿಷ. "ಬದಿ ಗಟ್ಟಿ ಇರ್ಬೇಕು, ನಡು ಅಲುಗಾಡ್ಬೇಕು. ಮತ್ತೆ ಕೈ ಕಟ್ಟಿ ಕೂತ್ಕೊಳ್ಳಿ, ಅಷ್ಟೆ" ಎಂದಳು. ಮನೆಗೆ ಬರುವ ದಾರಿಯಲ್ಲಿ ಯೋಚಿಸಿದೆ, ಕರಗಿಸಬಲ್ಲೆ, ಕದಡಬಲ್ಲೆ. ಕೊನೆಯದ್ದು ಮಾತ್ರ ನನ್ನಿಂದಾಗುವುದೇ?

ಶನಿವಾರ ಸಿಂಚನಳಿಗೆ ಸ್ಪೆಷಲ್ ಕ್ಲಾಸು. ಮುಗಿಸಿ ವಿನುತಳ ಅಂಗಡಿಗೆ ಬಂದು, ಇಬ್ಬರೂ ನಾಲ್ಕರ ಬಸ್ಸಿಗೆ ಮನೆಗೆ ಬರುತ್ತಾರೆ. ಈ ಕೇಕಿನ ಶತ್ರು ಎಂದರೆ ಸಮಯ. ಬೇಗ ತೆಗೆದರೆ ಗಂಜಿ, ತಡವಾದರೆ ಕಲ್ಲು, ತೆಗೆದಿಟ್ಟು ಕಾದರೆ ಒಳಗಿನ ಹರಿವು ತಣ್ಣಗಾಗಿ ಹೆಪ್ಪುಗಟ್ಟುತ್ತದೆ. ಹಾಗಾಗಿ ಬಸ್ಸು ಬದಿಯಡ್ಕ ಬಿಟ್ಟ ಕೂಡಲೇ ವಿನುತ ಮಿಸ್ಡ್ ಕಾಲ್ ಕೊಡಬೇಕು, ನಾನು ಆಗ ಬಟ್ಟಲುಗಳನ್ನು ಒಳಗಿಡಬೇಕು, ಅವರು ಗೇಟು ತೆರೆಯುವಾಗ ಕೇಕು ಹೊರಗೆ ಬರಬೇಕು. ಮೂರು ಗಂಟೆಗೇ ಹಿಟ್ಟು ಸಿದ್ಧಮಾಡಿ ಬಟ್ಟಲಿಗೆ ಸುರಿದೆ. ಮೂರೂಮುಕ್ಕಾಲಿಗೆ ಓವನ್ ಕಾಯಲು ಇಟ್ಟೆ. ವೋಲ್ಟೇಜು ಇಳಿಯದಿರಲಿ ಎಂದು ಫ್ರಿಜ್ಜು, ಫ್ಯಾನು, ಪಂಪು ಎಲ್ಲ ಆಫ್ ಮಾಡಿ, ಬೆವರು ಒರೆಸುತ್ತ ಮೊಬೈಲನ್ನೇ ನೋಡುತ್ತ ನಿಂತೆ. ನಾಲ್ಕು ಕಳೆದು ಆರು ನಿಮಿಷಕ್ಕೆ ಅದು ಒಮ್ಮೆ ಗುನುಗಿ ನಿಂತಿತು. ಬಟ್ಟಲುಗಳು ಒಳಗೆ ಹೋದವು.

ಮೊದಲ ನಾಲ್ಕು ನಿಮಿಷ ಸುಖವಾಗಿ ಕಳೆಯಿತು. ಐದನೆಯದಕ್ಕೆ ಅಮ್ಮ ಬಂದಳು, ಕೈಯಲ್ಲಿ ಕಡ್ಡಿ. ನಾನು ಎರಡೂ ಕೈ ಅಗಲಿಸಿ ಓವನಿಗೆ ಅಡ್ಡ ನಿಂತೆ.

"ಆಚೆ ಸರಿ, ನೋಡುವ" ಎಂದಳು.

"ಅಮ್ಮಾ, ಇದು ನೋಡುವ ಜಾತಿಯದ್ದಲ್ಲ. ಇದು ಬೇಯಲೇಬಾರದು."

"ಬೇಯಬಾರದಾದರೆ ಒಳಗೆ ಎಂತಕ್ಕೆ ಇಟ್ಟದ್ದು ಮಾರಾಯ?"

ಇಂದು ಶನಿವಾರ, ನೀನು ಮೊಟ್ಟೆ ಹಾಕಿದ್ದನ್ನು ಹೇಗೂ ತಿನ್ನುವುದಿಲ್ಲವಲ್ಲ ಎಂದೆ. "ತಿನ್ನುವುದಕ್ಕೆ ದೋಷ, ಚುಚ್ಚುವುದಕ್ಕೆ ಎಂತ ದೋಷ?" ಎಂದಳು. ನಾನು ಕದಲಲಿಲ್ಲ. ಎಪ್ಪತ್ತಾರು ವರ್ಷದ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನೂ ನನ್ನ ಕಡ್ಡಿ ಚುಚ್ಚಿಸಿಕೊಂಡೇ ಬೆಂದವನು" ಎಂದು ಹೇಳಿ, ಕಡ್ಡಿಯನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು ಜಗಲಿಗೆ ಹೋದಳು. ಇಷ್ಟು ಸಣ್ಣ ವಿಷಯಕ್ಕೆ ಹೆತ್ತ ತಾಯಿಯ ಮನಸ್ಸು ನೋಯಿಸಿದೆನಲ್ಲ ಎಂದು ಬೇಸರವಾಯಿತು. ಆದರೂ ಗೆದ್ದೆ ಎಂಬ ಸಣ್ಣ ಸಂತೋಷವಿತ್ತು. ಕಡ್ಡಿ ಅಲ್ಲೇ ಉಳಿದದ್ದು ಅಷ್ಟಾಗಿ ಗಮನಕ್ಕೆ ಬರಲಿಲ್ಲ.

ಎಂಟನೆಯ ನಿಮಿಷಕ್ಕೆ ಓವನಿನ ಒಳಗಿನ ದೀಪ ಮಂಕಾಯಿತು. ಮೇಲೆ ನೋಡಿದರೆ ಅಡುಗೆಕೋಣೆಯ ಬಲ್ಬೂ ಕುಂಬಳಕಾಯಿ ಬಣ್ಣಕ್ಕೆ ತಿರುಗಿತ್ತು. ಊರಿನವರೆಲ್ಲ ಒಟ್ಟಿಗೆ ತೋಟಕ್ಕೆ ನೀರು ಬಿಡುವ ಹೊತ್ತು. ಒಂದು ನಿಮಿಷ ಹಾಗೆಯೇ ಇದ್ದು ಮತ್ತೆ ಬೆಳಗಿತು, ಮತ್ತೆ ಮಂಕಾಯಿತು. ಬೇರೆ ಯಾರಾದರೂ ಆಗಿದ್ದರೆ 'ಅಯ್ಯೋ' ಎಂದು ಸುಮ್ಮನಾಗುತ್ತಿದ್ದರು. ನಾನು ಲೆಕ್ಕಕ್ಕೆ ಇಳಿದೆ. ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಶಾಖ ಇಳಿಯುವುದು ಸುಮಾರು ಐದರಲ್ಲಿ ಒಂದು ಪಾಲು. ಇಳಿದದ್ದು ಎಷ್ಟು? ಎಷ್ಟು ಹೊತ್ತು? ಹಾಗಾದರೆ ಈಗ ಬೇಕಾದ್ದು ಹನ್ನೆರಡು ನಿಮಿಷವೋ, ಹದಿಮೂರೋ, ಹದಿನಾಲ್ಕೋ? ಹಳೆಯ ವಿದ್ಯುತ್ ಬಿಲ್ಲಿನ ಹಿಂದೆ ಬರೆಯುತ್ತ ಹೋದೆ. ಮೂರು ಸಲ ಮಾಡಿದೆ, ಮೂರು ಉತ್ತರ ಬಂತು. ಮಕ್ಕಳ ಬಿಸಿಯೂಟಕ್ಕೆ ಅಕ್ಕಿ ಲೆಕ್ಕ ಹಾಕುವಾಗಲೂ ನಾನು ಇಷ್ಟು ಬೆವರಿದವನಲ್ಲ.

ಹನ್ನೆರಡನೆಯ ನಿಮಿಷಕ್ಕೆ ಓವನಿನ ಗಂಟೆ ಹೊಡೆಯಿತು. ಬಾಗಿಲು ತೆರೆದೆ. ಬದಿ ಗಟ್ಟಿಯಾಗಿತ್ತು. ತಟ್ಟೆಯನ್ನು ಮೆಲ್ಲನೆ ಅಲುಗಿಸಿದೆ, ನಡು ಅಲುಗಾಡಿತು. ಆಯಿಷಾ ಹೇಳಿದ್ದು ಇದೇ ಅಲುಗಾಟವೇ? ಬೇಯದ ಹಿಟ್ಟೂ ಹೀಗೆಯೇ ಅಲುಗುವುದಿಲ್ಲವೇ? ಅವಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ರಸ್ತೆಯಲ್ಲಿ ಬಸ್ಸು ನಿಂತ ಸದ್ದಾಯಿತು. ಸ್ಟಾಪಿನಿಂದ ಮನೆಗೆ ಮೂರು ನಿಮಿಷದ ದಾರಿ. ಕಣ್ಣು ತಾನಾಗಿಯೇ ಕಟ್ಟೆಯ ಮೇಲೆ ಹೋಯಿತು. ಒಂದೇ ಒಂದಕ್ಕೆ ಚುಚ್ಚಿ ನೋಡೋಣ, ಅದನ್ನು ನಾನೇ ತಿಂದರಾಯಿತು ಎಂದುಕೊಂಡೆ. ಚುಚ್ಚಿದೆ. ಅಂಟಿತು. ಅಂಟಬೇಕಾದ್ದೇ, ಸರಿಯೇ. ಆದರೆ ಒಂದು ಲೆಕ್ಕ ಸರಿಯಾದರೆ ಉಳಿದವೂ ಸರಿ ಎಂದು ನಾನು ಯಾವ ಮಕ್ಕಳನ್ನೂ ಬಿಟ್ಟವನಲ್ಲ. ಮೂಲೆಯದ್ದಕ್ಕೆ ಶಾಖ ಕಡಿಮೆ ತಾಗಿರಬಹುದಲ್ಲ? ಎರಡನೆಯದಕ್ಕೆ ಚುಚ್ಚಿದೆ. ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಆರೂ ಅಂಟಿದವು. ಅಂಟಿದ ಕಡ್ಡಿಯನ್ನು ಆರು ಸಲ ನೋಡಿದ ಮೇಲೆ, ಐವತ್ತು ವರ್ಷ ಅಮ್ಮನ ಕೈಯಡುಗೆ ಉಂಡ ಮೈ ನನ್ನ ಮಾತು ಕೇಳಲಿಲ್ಲ. ಬಾಗಿಲು ಮುಚ್ಚಿದ್ದೆ. ಕೈ ಓವನಿನ ಗುಂಡಿಯ ಮೇಲಿತ್ತು. ಇನ್ನು ಐದೇ ನಿಮಿಷ ಇಟ್ಟುಬಿಡು ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. ಎರಡು ವಾರದ ಹಿಂದೆ ಹೇಳಿದವರೂ ಅವರೇ. ಗೇಟು ಕಿರ್ ಎಂದಿತು. ಆ ಗುಂಡಿಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡೆ. ಬಾಗಿಲು ತೆರೆದು ಬಟ್ಟಲುಗಳನ್ನು ಹೊರಗೆ ಎಳೆದೆ.

ಸಿಂಚನ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ವಿನುತ, ವಿನುತಳ ಹಿಂದೆ ಜಗಲಿಯಿಂದ ಎದ್ದು ಬಂದ ಅಮ್ಮ. ಎದುರಿಗೆ ಆರು ಕೇಕು, ಆರಕ್ಕೂ ನಡುವಿನಲ್ಲಿ ಒಂದೊಂದು ತೂತು, ಪ್ರತಿ ತೂತಿನಿಂದ ಚಾಕಲೇಟು ಗುಳುಗುಳು ಉಕ್ಕುತ್ತಿದೆ. ನನ್ನ ಕೈಯಲ್ಲಿ ಕಡ್ಡಿ.

"ತಪ್ಪಾಯ್ತು ಮಗಾ" ಎಂದೆ. ಈ ತೂತುಗಳಿಗಾಗಿ ಹೇಳಿದೆನೋ ಆ ದಿನದ್ದಕ್ಕಾಗಿ ಹೇಳಿದೆನೋ ನನಗೇ ಗೊತ್ತಿರಲಿಲ್ಲ. ಎರಡು ಶಬ್ದ, ಅಷ್ಟೆ.

ಅವಳು ಬ್ಯಾಗು ಕೆಳಗಿಟ್ಟು ಹತ್ತಿರ ಬಂದಳು. ತೂತುಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದಳು. "ಆರಕ್ಕೆ ಆರೂ?" ಎಂದಳು. ನಾನು ತಲೆಯಾಡಿಸಿದೆ. "ಅಪ್ಪಾ, ನಿಮಗೆ ನನ್ನ ಮೇಲೆ ಮಾತ್ರ ನಂಬಿಕೆ ಇಲ್ಲ ಅಂತ ಎಣಿಸಿದ್ದೆ. ನಿಮಗೆ ನಿಮ್ಮ ಮೇಲೆಯೂ ಇಲ್ಲ ಅಲ್ವಾ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದ್ರೆ ಅಡ್ಡಿಯಿಲ್ಲ" ಎಂದಳು. ಎರಡು ವಾರದಲ್ಲಿ ಅವಳು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದು. ನನ್ನನ್ನು ಬದಿಗೆ ಸರಿಸಿ, ಒಂದು ಬಟ್ಟಲಿಗೆ ತಟ್ಟೆ ಮುಚ್ಚಿ ಬೋರಲು ಹಾಕಿದಳು. ಚಮಚ ಇಟ್ಟಾಗ ತೂತಿನಿಂದ ಸೋರಿ ಉಳಿದದ್ದು ನಿಧಾನವಾಗಿ ತಟ್ಟೆ ತುಂಬ ಹರಿಯಿತು. ಅಮ್ಮ ಹಿಂದಿನಿಂದ ಇಣುಕಿ, "ಅಯ್ಯೋ ದೇವರೇ, ಬೆಂದೇ ಇಲ್ಲ" ಎಂದಳು. ನಾವು ಮೂವರೂ ನಕ್ಕೆವು. ಅಮ್ಮನಿಗೆ ಮಾತ್ರ ಯಾಕೆಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಿರುವಾಗ ಗಣಿತದ ನೋಟ್‌ಬುಕ್ಕು ನನ್ನ ಪಕ್ಕ ಬಂದು ಕೂತಿತು, ಅದರೊಂದಿಗೆ ಅವಳೂ. ಒಂದೇ ಷರತ್ತು: ಲೆಕ್ಕ ಮುಗಿಯುವವರೆಗೆ ನಾನು ಪೆನ್ನು ಮುಟ್ಟಬಾರದು, ಮಾತಾಡಬಾರದು. ಒಪ್ಪಿದೆ. ಎರಡನೆಯ ಸಾಲಿನಲ್ಲೇ ಒಂದು ಮೈನಸ್ ಬಿಟ್ಟುಹೋಯಿತು. ಮೈನಸ್ ಎಂದರೆ ಏನು ಮಹಾ, ಅಡ್ಡ ಮಲಗಿದ ಒಂದು ಸಣ್ಣ ಕಡ್ಡಿ. ಅದನ್ನು ಅಲ್ಲಿ ಇಡಲು ನನ್ನ ಬೆರಳುಗಳೆಲ್ಲ ತುರಿಸಿದವು. ಎರಡೂ ಕೈಗಳನ್ನು ತೊಡೆಯಡಿಯಲ್ಲಿ ಸಿಕ್ಕಿಸಿಕೊಂಡು ಕೂತೆ. ಮೂರನೆಯ ಸಾಲು ಹೋಯಿತು, ನಾಲ್ಕನೆಯದೂ ಹೋಯಿತು. ಕೈ ಕದಲಲಿಲ್ಲ, ಬಾಯಿ ತೆರೆಯಲಿಲ್ಲ. ಆದರೆ ಗಂಟಲಿಗೆ ನಾನು ಯಾವ ಮಾತೂ ಕೊಟ್ಟಿರಲಿಲ್ಲವಲ್ಲ. ಸಣ್ಣದೊಂದು ಕೆಮ್ಮು ಬಂತು.

ಸಿಂಚನ ಬರೆಯುವುದನ್ನು ನಿಲ್ಲಿಸಿದಳು. ತಲೆ ಎತ್ತದೆಯೇ ಹೇಳಿದಳು, "ಅಪ್ಪಾ, ಕಡ್ಡಿ ಲೋಟದಲ್ಲಿಟ್ಟು ಬನ್ನಿ."