ಲಾರಿ ಓಡಿಸಲು ಒಂದು ಲ್ಯಾಪ್‌ಟಾಪ್

ನಮ್ಮ ಸೋದರಮಾವನ ಕೈಯಲ್ಲಿ ಪಾಸಾದ ವಸ್ತು ಈ ಲೋಕದಲ್ಲಿ ಬಹಳ ಕಡಿಮೆ ಎಂದರೆ ನೀವು ನಂಬಲಿಕ್ಕಿಲ್ಲ. ಆತ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ನಟ್ಟು ಬೋಲ್ಟು ಪರೀಕ್ಷೆ ಮಾಡುವ ಕೆಲಸದಲ್ಲಿದ್ದವನು. ಸರಿಯಿಲ್ಲದ್ದಕ್ಕೆ ಕೆಂಪು ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು ಪಕ್ಕದ ಡಬ್ಬಕ್ಕೆ ಎಸೆಯಬೇಕು, ಅದಕ್ಕೇ ಸಂಬಳ. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಪೆನ್ಸಿಲು ನಿಲ್ಲಲಿಲ್ಲ.

ನನ್ನ ಮದುವೆಯ ಊಟದಲ್ಲಿ ಮಾವ ಹೋಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ದಪ್ಪ ಒಂದೇ ಸಮ ಇಲ್ಲ" ಅಂತ ಬಡಿಸುವವರಿಗೆ ಹೇಳಿದ. ಅವರು ಇನ್ನೊಂದು ಹಾಕಿದರು. ಅದನ್ನೂ ಹಿಡಿದು ನೋಡಿದ. ಐದನೆಯದು ಪಾಸಾಯಿತು. ಫೇಲಾದ ನಾಲ್ಕನ್ನೂ ಆಮೇಲೆ ತುಪ್ಪ ಹಾಕಿಸಿಕೊಂಡು ತಿಂದ. ಕೇಳಿದ್ದಕ್ಕೆ, "ರಿಜೆಕ್ಟ್ ಆಗಿದ್ದು ತಿನ್ಬಾರ್ದು ಅಂತ ಎಲ್ಲೂ ಇಲ್ವಲ್ಲ" ಅಂದ.

ಹೆಣ್ಣು ನೋಡಲು ಹೋದಾಗಲೂ ಹೀಗೇ ಅಂತೆ. ಏಳು ಮನೆ ನೋಡಿ ಏಳರಲ್ಲೂ ಏನಾದರೊಂದು ಕೊರತೆ ಹೇಳಿ ಬಂದಿದ್ದ. ಎಂಟನೆಯ ಮನೆ ಕಬ್ಬಾಳಿನದು. ಅಲ್ಲಿಯ ಹುಡುಗಿ, ಅಂದರೆ ಈಗಿನ ನಮ್ಮ ಅತ್ತೆ, ಮಾವ ಬಾಯಿ ತೆರೆಯುವ ಮುಂಚೆಯೇ "ಈ ಗಂಡು ಬ್ಯಾಡ" ಅಂದುಬಿಟ್ಟಳು. ಮಾವ ಅದುವರೆಗೆ ಎಲ್ಲೂ ಫೇಲಾದವನಲ್ಲ. ಕಾರಣ ತಿಳಿಯದೆ ಊಟ ಸೇರದೆ, ಕೇಳಿಕೊಂಡು ಬರಲು ಬಸ್ಸು ಹತ್ತಿ ಹೋದ. ಹೇಳಲಿಲ್ಲ. ಮತ್ತೆ ಹೋದ. ಮೂರನೆಯ ಸಲ ಹೋದಾಗ ಅತ್ತೆ ಬಾಗಿಲಲ್ಲೇ ನಿಂತು ಹೇಳಿದಳಂತೆ: "ಅವತ್ತು ಬಂದೋನು ತಟ್ಟೇಲಿದ್ದ ಚಕ್ಲಿ ಸುತ್ತು ಎಣಿಸ್ತಾ ಕುಂತಿದ್ದೆ. ಒಂದ್ಸಲನಾದ್ರೂ ನನ್ ಮಕ ನೋಡಿದ್ಯಾ?" ಮಾವ ನೋಡಿದ. ಆ ವರ್ಷವೇ ಮದುವೆಯಾಯಿತು.

ಅಲ್ಲಿಂದ ಮೂವತ್ತು ಚಿಲ್ಲರೆ ವರ್ಷ ಅತ್ತೆ ಮಾವನನ್ನು ಬೈದುಕೊಂಡೇ ಸಂಸಾರ ಮಾಡಿದಳು. ಬೆಳಿಗ್ಗೆ ಎದ್ದು, ಹಸು ಕರೆದು, ಮೊಪೆಡ್ಡಿನ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು, ಗಂಡನಿಗೆ ನಾಲ್ಕು ಮಾತು ಅಂದು ಡೇರಿಗೆ ಹೊರಡುವಳು. ವಾಪಸು ಬಂದ ಮೇಲೆ ಬಿಟ್ಟಿದ್ದಲ್ಲಿಂದ ಮುಂದುವರಿಸುವಳು. ಮಾವ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ಬೈಗುಳದಲ್ಲಿ ತಪ್ಪು ಹುಡುಕಿದ್ದನ್ನೂ ಕಂಡಿಲ್ಲ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗಾಲು, ಬಲಗೈ ಬಿದ್ದುಹೋದವು. ಕಾಲು ನಿಧಾನಕ್ಕೆ ಸುಧಾರಿಸಿ ಕೋಲು ಹಿಡಿದು ಓಡಾಡುವಂತಾಯಿತು. ಕೈ ಮಾತ್ರ ಬರಲಿಲ್ಲ. ಮಾತಿಗೇನೂ ತೊಂದರೆಯಾಗಿಲ್ಲ ಅಂತ ಡಾಕ್ಟರು ಹೇಳಿದರು, ಆದರೆ ಅತ್ತೆ ಮಾತಾಡುವುದನ್ನು ಬಿಟ್ಟಳು. ಕೇಳಿದ್ದಕ್ಕೆಲ್ಲ "ಹೂಂ", ಇಲ್ಲವೇ "ಊಹೂಂ". ಮಾವ ಸಾರಿಗೆ ಎರಡು ಸಲ ಉಪ್ಪು ಹಾಕಿ ಇಟ್ಟರೂ ಸುಮ್ಮನೆ ತಿಂದು ಏಳುವಳು.

ಪರಿಸ್ಥಿತಿ ಹೀಗಿರುವಾಗ ಒಂದು ದಿನ ಮಾವ ಫೋನು ಮಾಡಿದ.

"ಮಗಾ, ಗೇಮ್ ಆಡೋ ಲ್ಯಾಪ್‌ಟಾಪ್ ಯಾವ್ದು ಚೆಂದಾಗೈತೆ?"

"ಯಾರಿಗೆ ಮಾವ?"

"ನಂಗೇ ಕಣವ್ವ. ಟೈಮ್ ಪಾಸಾಯ್ತಿಲ್ಲ."

ನಾನು ರಾಮನಗರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಲ್ಯಾಪ್‌ಟಾಪಿನಲ್ಲಿ ನನಗೆ ಗೊತ್ತಿರುವುದು ತೆರೆಯುವುದು ಮತ್ತು ಮುಚ್ಚುವುದು. ಆದರೆ ಆ ಕ್ಷಣಕ್ಕೆ ಬಂದದ್ದು ಸಿಟ್ಟು. ಹೆಂಡತಿ ಮೂಲೆಯಲ್ಲಿ ಮಾತಿಲ್ಲದೆ ಕೂತಿದ್ದಾಳೆ, ಅರವತ್ತು ದಾಟಿದ ಗಂಡನಿಗೆ ಆಟ ಬೇಕಂತೆ. ಅಮ್ಮನಿಗೆ ಹೇಳಿದೆ. ಅವಳು, "ನಮ್ಮಣ್ಣಂಗೆ ತಲೆ ಕೆಟ್ಟೈತೆ. ನೀನೇ ಜೊತೇಲಿ ಓಗು, ಅಂಗಡಿಯವ್ರನ್ನ ಒಸಿ ಕಾಪಾಡು" ಅಂದಳು.

ಮೊದಲು ಕನಕಪುರ. ಅಂಗಡಿಯ ಹುಡುಗಿ ಒಂದು ಕರಿ ಲ್ಯಾಪ್‌ಟಾಪ್ ತೆಗೆದಿಟ್ಟಳು. ಕೀಲಿಗಳ ಕೆಳಗೆಲ್ಲ ಕಾಮನಬಿಲ್ಲಿನ ಬಣ್ಣ ಹರಿದಾಡುತ್ತಿತ್ತು.

"ಇದ್ರಲ್ಲಿ ನೂರ ನಲವತ್ನಾಲ್ಕು ಹರ್ಟ್ಸ್ ಬರುತ್ತೆ ಸಾರ್."

"ಅಷ್ಟೊಂದು ಹರ್ಟ್ ಆದ್ರೆ ಮನುಷ್ಯ ಬದುಕ್ತಾನೇನವ್ವ?"

ಹುಡುಗಿ ನಗಲಿಲ್ಲ, ಮಾವನೂ ನಗಲಿಲ್ಲ. ಆತ ನಿಜವಾಗಿಯೇ ಕೇಳಿದ್ದ. ಪರದೆ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದರ ಲೆಕ್ಕ ಅದು ಅಂತ ಅವಳು ತಾಳ್ಮೆಯಿಂದ ತಿಳಿಸಿದಳು. ಮಾವ ತಲೆಯಾಡಿಸಿ ಚೀಲದಿಂದ ವರ್ನಿಯರ್ ತೆಗೆದ. ಬೋಲ್ಟಿನ ದಪ್ಪ ಅಳೆಯುವ ಇಕ್ಕಳದಂಥ ಸಾಧನ ಅದು. ಅದರಿಂದ ಆತ ಅಳೆದದ್ದು ಕೀಬೋರ್ಡಿನ ಬಲಮೂಲೆಯ ನಾಲ್ಕು ಬಾಣದ ಕೀಲಿಗಳನ್ನು ಮಾತ್ರ. "ಬಾಳ ಚಿಕ್ಕವು" ಅಂತ ಡೈರಿಯಲ್ಲಿ ಬರೆದುಕೊಂಡ. ಗ್ರಾಫಿಕ್ಸ್ ಕಾರ್ಡಿನ ವಿಷಯ ಹೇಳಲು ಬಾಯಿ ತೆರೆದಿದ್ದ ಹುಡುಗಿ ಹಾಗೇ ಮುಚ್ಚಿದಳು.

ಮಾಗಡಿಯಲ್ಲಿ ಲ್ಯಾಪ್‌ಟಾಪನ್ನು ಮಗುಚಿ ಹಾಕಿ ತಳದ ತಿರುಪುಗಳ ಮೇಲೆಲ್ಲ ಬೆರಳಾಡಿಸಿದ. ಒಂದು ತಿರುಪು ಅರ್ಧ ಸುತ್ತು ಸಡಿಲವಿತ್ತಂತೆ. ಅಂಗಡಿಯವನು ಫೋನಿನಲ್ಲಿ ಮಾತಾಡುತ್ತ ಅತ್ತ ತಿರುಗಿದ್ದ. ಮಾವನ ಕೈ ಅಂಗಿಯ ಜೇಬಿಗೆ ಹೋಗಿ ಕೆಂಪು ಪೆನ್ಸಿಲಿನೊಂದಿಗೆ ಹೊರಬಂತು. ನಾನು ಹಿಡಿದುಕೊಂಡದ್ದರಿಂದ ಹೊಸ ಲ್ಯಾಪ್‌ಟಾಪ್ ಬಚಾವಾಯಿತು. "ಅಭ್ಯಾಸ ಕಣವ್ವ" ಅಂದ.

ಚನ್ನಪಟ್ಟಣದಲ್ಲಿ ನಡೆದದ್ದನ್ನು ನಾನು ಮನೆಯಲ್ಲಿ ಹೇಳಲೇ ಇಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ಫ್ಯಾನಿನ ಗಾಳಿಯೂ ಬಿಸಿ. ಮಾವ ಚೀಲದಿಂದ ದಪ್ಪನೆಯ ಉಲ್ಲನ್ ಕೈಗವಸು ತೆಗೆದು ಬಲಗೈಗೆ ಹಾಕಿಕೊಂಡ. ಹಾಕಿಕೊಂಡು ಬಾಣದ ಕೀಲಿಗಳನ್ನು ಒಂದೊಂದಾಗಿ, ನಿಧಾನಕ್ಕೆ, ಕಣ್ಣು ಮುಚ್ಚಿಕೊಂಡು ಒತ್ತಿದ. ಅಂಗಡಿಯಾಕೆ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಅಂಕಲ್‌ಗೆ ಚಳಿನಾ?" ಅಂತ ಮೆಲ್ಲಗೆ ಕೇಳಿದಳು.

"ಇಲ್ಲ" ಅಂದ ಮಾವ, "ಗಟ್ಟಿ ಐತೆ. ಇದಾಗಲ್ಲ."

ಕೊನೆಗೆ ರಾಮನಗರ. ಅಂಗಡಿಯ ಯಜಮಾನರು ರೇಷ್ಮೆ ನೂಲು ತೆಗೆಯುವ ಮನೆತನದಿಂದ ಬಂದ ಸಾಹೇಬರು, ವಯಸ್ಸಿನಲ್ಲಿ ಮಾವನ ಓರಗೆ.

"ಯಾವ ಗೇಮಿಗೆ ಬೇಕು ಸಾರ್?"

"ಲಾರಿ ಓಡ್ಸೋದು."

"ಯಾರ್ ಓಡ್ಸೋದು?"

"ನಾನೇ."

ಸಾಹೇಬರು ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ಯಾವ ಲೋಡು?" ಅಂತ ಕೇಳಿದರು. ಮಾವ ಒಸಿ ಯೋಚಿಸಿ, "ಹಾಲು" ಅಂದ. ಅಷ್ಟರಿಂದ ಇಬ್ಬರಿಗೂ ಪರಸ್ಪರ ಗೌರವ ಹುಟ್ಟಿತು.

ಸಾಹೇಬರು ಎರಡು ಇಟ್ಟರು. ಒಂದು ಕನಕಪುರದಲ್ಲಿ ನೋಡಿದ ಕರಿಯದೇ. ಇನ್ನೊಂದು ಬೂದು ಬಣ್ಣದ, ನೋಡಲು ಸಪ್ಪೆಯ, ಒಂದು ವರ್ಷ ಹಳೆಯ ಮಾದರಿ. ಕರಿಯದರ ವೇಗ ಹೆಚ್ಚು, ಮುಂದೆ ಬರುವ ಆಟಗಳಿಗೂ ಸಾಕಾಗುತ್ತದೆ, ಎಲ್ಲರೂ ಅದನ್ನೇ ಒಯ್ಯುತ್ತಾರೆ ಅಂತ ಅವರೇ ಹೇಳಿದರು. ಮಾವ ಎರಡರಲ್ಲೂ ಅರ್ಧರ್ಧ ಗಂಟೆ ಆಟ ಹಾಕಿಸಿ, ಅಂಗೈ ಇಡುವ ಜಾಗವನ್ನು ಮುಟ್ಟಿ ಮುಟ್ಟಿ ನೋಡಿದ. ಕರಿಯದು ರೊಟ್ಟಿ ಸುಡುವಷ್ಟು ಕಾದಿತ್ತು, ಬೂದು ಬಣ್ಣದ್ದು ಬೆಚ್ಚಗಿತ್ತು. ಬಾಣದ ಕೀಲಿ ಅಳೆದ. ಬೂದು ಬಣ್ಣದ್ದರಲ್ಲಿ ಅವು ಉಳಿದ ಕೀಲಿಗಳಷ್ಟೇ ದೊಡ್ಡವು, ಸುತ್ತ ಜಾಗವೂ ಇತ್ತು. ಕೈಗವಸು ಹಾಕಿ ಒತ್ತಿದ. ಮೂರು ಸಲ ಒತ್ತಿದ.

ಮಾವ ಒಂದು ವಸ್ತುವನ್ನು ಒಂದೇ ಸಲಕ್ಕೆ "ಪಾಸು" ಅಂದದ್ದನ್ನು ನಾನು ಕೇಳಿದ್ದು ಅವತ್ತೇ.

ಬಸ್ ಸ್ಟ್ಯಾಂಡಿನ ಪಕ್ಕ ಟೀ ಕುಡಿಯುವಾಗ ನನಗೆ ತಡೆಯಲಾಗಲಿಲ್ಲ. "ಒಳ್ಳೇದು ಬಿಟ್ಟು ಸಪ್ಪೇದು ತಗೊಂಡ್ಯಲ್ಲ ಮಾವ. ನಾಕು ಊರು ಸುತ್ತಿಸ್ದೆ. ಆ ಕೈಗವಸು ಯಾಕೆ?"

ಮಾವ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ನಿಮ್ಮತ್ತೆ ಕೈ ಅಂಗೇ ಐತೆ ಕಣವ್ವ. ಮುಟ್ಟಿದ್ದು ಗೊತ್ತಾಗಲ್ಲ. ಬಿಸಿ ತಾಗಿದ್ರೂ ಗೊತ್ತಾಗಲ್ಲ. ಬೆರಳಿಗೆ ಶಕ್ತಿ ಇಲ್ಲ."

ಆಮೇಲೆ ಒಂದೊಂದಾಗಿ ಹೇಳಿದ. ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಹಿಚುಕಲು ಕೊಟ್ಟ ಸ್ಪಂಜಿನ ಚೆಂಡನ್ನು ಅತ್ತೆ ಹಸುವಿನ ಕಡೆ ಎಸೆದಿದ್ದಳಂತೆ. ಒಂದು ದಿನ ಆ ಡಾಕ್ಟರಮ್ಮ ತಮ್ಮ ಕಂಪ್ಯೂಟರಿನಲ್ಲಿ ಗಾಡಿ ಓಡಿಸುವ ಆಟ ಹಾಕಿ, ಬಲಗೈ ಎತ್ತಿ ಬಾಣದ ಮೇಲಿಟ್ಟರು. ಅತ್ತೆ ಒಂದು ಗಂಟೆ ಏಳಲಿಲ್ಲ. ಬೆವರಿಳಿಯುತ್ತಿದ್ದರೂ ಬೆರಳು ಎತ್ತಿ ಎತ್ತಿ ಹಾಕಿದಳು. ಏಳುವಾಗ ತಾನಾಗೇ "ಇನ್ನೊಂದ್ಸಲ" ಅಂದಳು. ಏಳೆಂಟು ತಿಂಗಳಲ್ಲಿ ಆಕೆ ಕೇಳಿದ್ದು ಅದೊಂದೇ.

"ಮತ್ತೆ ನಂಗೆ ಅಂತ ಯಾಕಂದೆ?"

"ಅವ್ಳಿಗೆ ಅಂದ್ರೆ ಬ್ಯಾಡ ಅಂತಾಳೆ. ನಂಗ್ಯಾಕೆ ಇಷ್ಟೆಲ್ಲ ಅಂತಾಳೆ. ನನ್ ತಿಕ್ಲಿಗೆ ಅಂದ್ರೆ ಯಾರೂ ಕೇಳಲ್ಲ."

ನಾನೂ ಕೇಳಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದೆ ಅಷ್ಟೆ. ಟೀ ಲೋಟ ಹಿಡಿದುಕೊಂಡು ಆತನ ಕಡೆ ನೋಡಲಾರದೆ ಬಸ್ಸಿನ ಬೋರ್ಡು ಓದುತ್ತ ಕೂತೆ.

ಮನೆಗೆ ಹೋದ ಮೇಲೆ ಮಾವ ಲ್ಯಾಪ್‌ಟಾಪನ್ನು ಅತ್ತೆಯ ಮಂಚದ ಎದುರಿಗೇ ಮೇಜು ಹಾಕಿ ಇಟ್ಟ. ಆಡು ಅಂತ ಒಂದು ಮಾತೂ ಹೇಳಲಿಲ್ಲ. ತಾನೇ ಕೂತು ಲಾರಿ ಓಡಿಸಿದ. ಮೊದಲ ದಿನ ಸೇತುವೆಯಿಂದ ಕೆಳಕ್ಕೆ ಬಿಟ್ಟ. ಎರಡನೆಯ ದಿನ ಪೆಟ್ರೋಲ್ ಬಂಕಿಗೆ ನುಗ್ಗಿಸಿದ. ಮೂರನೆಯ ದಿನ ಹೊರಟಲ್ಲೇ ಮಗುಚಿ ಹಾಕಿದ. ಅತ್ತೆ ದಿಂಬಿಗೆ ಒರಗಿ ನೋಡುತ್ತಿದ್ದಳಂತೆ, ಹೂಂ ಇಲ್ಲ, ಊಹೂಂ ಇಲ್ಲ. ಬೇಕಂತಲೇ ಹಾಗೆ ಓಡಿಸಿದ್ದಾ ಅಂತ ಫೋನಿನಲ್ಲಿ ಕೇಳಿದೆ. "ಬೇಕಂತ ಏನಿಲ್ಲ. ನಂಗೆ ಬರಲ್ಲ" ಅಂದ.

ಐದನೆಯ ದಿನ ಸಂಜೆ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಮಾವನ ಫೋನು. ದನಿ ತಗ್ಗಿಸಿ ಮಾತಾಡುತ್ತಿದ್ದ.

"ಮಗಾ, ಬೈದ್ಲು ಕಣವ್ವ."

"ಯಾರು?"

"ನಿಮ್ಮತ್ತೆ. ಕೋಲು ಊರ್ಕೊಂಡು ಬಂದು, ಏಳು ಅತ್ಲಾಗೆ ಅಂತ ನನ್ನ ನೂಕಿ ಕುಂತ್ಕಂಡ್ಲು. ಎಡ ಗೊತ್ತಿಲ್ಲ, ಬಲ ಗೊತ್ತಿಲ್ಲ, ರಸ್ತೆ ನೋಡೋ ಅಂದ್ರೆ ಬೇಲಿ ನೋಡ್ತೀಯಾ, ನಿಂಗೆ ಲಾರಿ ಕೊಟ್ಟೋನ್ ಯಾವನು ಅಂದ್ಲು."

ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ, ಒಂದು ಅಕ್ಷರ ಬಿಡದೆ. "ಆಮೇಲೇನಂದ್ಲು ಮಾವ?" ಅಂದೆ.

"ತಡಿ, ಇನ್ನೂ ಮುಗಿದಿಲ್ಲ" ಅಂತ ಹೇಳಿ, ಆತ ಫೋನನ್ನು ಅತ್ತೆಯ ಕಡೆಗೆ ಹಿಡಿದ.