ಯಾವ ಪುಟ್ಟೇಗೌಡ್ರು?

‘ಫೆಬ್ರವರಿ ಒಂಬತ್ತು. ಹನ್ನೊಂದು ಗಂಟೆಗೆ ಗೌಡರು ಬಂದಿದ್ದರು. ಯಾವ ಗೌಡರೋ ಗೊತ್ತಾಗಲಿಲ್ಲ. ಉಪ್ಪಿಟ್ಟು ತಿಂದು ಹೋದರು.’

ನನ್ನ ಹಳೇ ಡೈರಿಯ ತುಂಬ ಇಂಥವೇ ಇವೆ. ನಮ್ಮ ಹಾನುಬಾಳಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು “ಗೌಡ್ರೇ” ಎಂದು ಒಂದು ಸಲ ಕೂಗಿದರೆ ಹದಿನಾಲ್ಕು ತಲೆ ತಿರುಗುತ್ತವೆ. ಹದಿನೈದನೆಯವರಿಗೆ ಕಿವಿ ಕೇಳಿಸುವುದಿಲ್ಲ, ಅಷ್ಟೆ. ಅವರೂ ಗೌಡರೇ.

ಗೃಹಪ್ರವೇಶ

ನಮ್ಮ ಯಜಮಾನರ ಅಣ್ಣ ಇರುವುದು ಮಗ್ಗೆಯಲ್ಲಿ. ಹೆಸರು ಪುಟ್ಟೇಗೌಡ. ಬಿಸಿಲೆ ಕಡೆಯಲ್ಲೂ ಒಬ್ಬರು ಪುಟ್ಟೇಗೌಡರಿದ್ದಾರೆ, ನಮಗೆ ಏನೂ ಆಗಬೇಕಾದವರಲ್ಲ. ನಮ್ಮ ಗೃಹಪ್ರವೇಶದ ಕಾಗದ ಭಾವನಿಗೆ ಹೋಗುವ ಬದಲು ಅವರಿಗೆ ಹೋಯಿತು. ಅವರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದು, ಎರಡು ಪಂಕ್ತಿ ಊಟ ಮಾಡಿ, ಒಂದು ಗೋಡೆ ಗಡಿಯಾರ ಕೊಟ್ಟು, “ಗುರ್ತಿಲ್ದಿದ್ರೂ ಕರೆದ್ರಲ್ಲ, ನಿಮ್ದು ದೊಡ್ಡ ಮನ್ಸು ಕಣ್ರೀ” ಎಂದು ಹೊಗಳಿ ಹೋದರು.

ಅತ್ತ ಭಾವ ಮಗ್ಗೆಯಲ್ಲಿ ಹೊಸ ಪಂಚೆ ಉಟ್ಟು ಜಗಲಿಯ ಮೇಲೆ ಕೂತು ಕಾದಿದ್ದರಂತೆ. “ಒಡಹುಟ್ಟಿದೋನ್ನ ಬುಟ್ಟು ಊರಲ್ಲಿರೋ ಪುಟ್ಟೇಗೌಡಂಗೆಲ್ಲ ಊಟ ಹಾಕವ್ನೆ” ಎಂದವರು ಒಂಬತ್ತು ವರ್ಷ ನಮ್ಮ ಮೆಟ್ಟಿಲು ಹತ್ತಲಿಲ್ಲ. ಯಜಮಾನರೋ, ಅಣ್ಣನಷ್ಟೇ ಹಟದವರು. “ಅಡ್ರೆಸ್ ತಪ್ಪಾದ್ರೆ ನಾನೇನು ಮಾಡ್ಲಿ?” ಎನ್ನುವುದು ಬಿಟ್ಟರೆ ಇನ್ನೊಂದು ಮಾತಿಲ್ಲ.

ಕಳೆದ ವರ್ಷ ಮಗಳ ಮದುವೆ ನಿಶ್ಚಯವಾಯಿತು. ಅವಳು ದೊಡ್ಡಪ್ಪನ ಹೆಗಲ ಮೇಲೆ ಬೆಳೆದವಳು. “ದೊಡ್ಡಪ್ಪ ಬರ್ದಿದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ” ಎಂದುಬಿಟ್ಟಳು. ನಾನು ಹೆದರಿದೆ. ಅವಳೂ ಆ ಮನೆತನದವಳೇ ತಾನೆ!

ಗುರುತು

ಈ ಸಲ ಒಂದು ಕಾಗದವೂ ತಪ್ಪಬಾರದೆಂದು ನಾನೇ ಪಟ್ಟಿ ಮಾಡಲು ಕೂತೆ. ನಾನು ಬಿ.ಎ. ಮಾಡಿದವಳು, ಪಟ್ಟಿ ಎಂದರೆ ಕಾಲಂ ಹಾಕಿಯೇ ಬರೆಯುವುದು. ಹೆಸರಿಗೊಂದು, ಊರಿಗೊಂದು. ಆದರೆ ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರಿದ್ದರೆ? ಅದಕ್ಕೇ ಮೂರನೆಯ ಕಾಲಂ: ಗುರುತು.

ಹೆಸರು ಒಂದೇ ಆದರೂ ಬುದ್ಧಿ ಒಂದೇ ಇರುತ್ತದೆಯೇ? ಕಾಲೇಜಿನಲ್ಲಿ ಪಾಠ ಮಾಡುವ ಗೌಡರು ಮೂಢನಂಬಿಕೆ ವಿರೋಧಿ, ಬೇಕೆಂದೇ ರಾಹುಕಾಲ ನೋಡಿ ಮನೆ ಬಿಡುತ್ತಾರೆ. ಅವರ ಪಕ್ಕದ ಮನೆಯ ಗೌಡರು ಪಂಚಾಂಗ ನೋಡದೆ ಸ್ಕೂಟರಿಗೆ ಕಿಕ್ ಹೊಡೆಯುವವರಲ್ಲ. ಇಬ್ಬರೂ ದಾಯಾದಿಗಳು. ನಾನು ಒಮ್ಮೆ, “ಇಬ್ರೂ ಒಂದೇ ಜೀಪಲ್ಲಿ ಬರಬಾರ್ದಾ?” ಎಂದೆ. ಪಂಚಾಂಗದವರು, “ಹೆಂಗ್ ಬರೋದು ಅಕ್ಕ? ಅವ್ನು ಹೊರಡೋವಾಗ ನಾನು ಬಾಗ್ಲು ಹಾಕ್ಕೊಂಡು ಕೂತಿರ್ತೀನಿ” ಎಂದರು. ಪಾಠದವರು ತಮ್ಮ ಮನೆಯ ಒಳಗಿನಿಂದಲೇ ಕೂಗಿದರು: “ಅವ್ನು ಬಾಗ್ಲು ಹಾಕಿದ್ ನೋಡೇ ನಾನು ಹೊರಡೋದು. ಗಡಿಯಾರ ಯಾಕೆ?”

ಇನ್ನು ಸಕಲೇಶಪುರದ ದಾರಿಯ ಹೋಂಸ್ಟೇ ಗೌಡರು. ಅವರ ಮುಂದೆ ಬರೆದದ್ದು: ‘ನೆಂಟರು ಹೋದರೂ ಆಧಾರ್ ಕಾರ್ಡ್ ಕೇಳುತ್ತಾರೆ.’

ಇನ್ನೂರೈವತ್ತು

ಅಡುಗೆ ಗೌಡರಿಗೆ ಫೋನ್ ಮಾಡಿದೆ.

“ಗೌಡ್ರೇ, ಆವತ್ತು ಇನ್ನೂರೈವತ್ತಾಗ್ತವೆ. ಒಬ್ರೇ ನಿಭಾಯಿಸ್ತೀರಾ?”

“ಇನ್ನೂರೈವತ್ತಾ! ಬೆಳಿಗ್ಗೆ ಬೇಗ ಬಂದ್ಬುಡ್ತೀನಿ ಕಣಮ್ಮ. ಎಲ್ಲಾನೂ ಸಾಲಾಗಿ ನಿಲ್ಸಿರಿ. ಒದೆಯೋವು ಯಾವ್ದಾದ್ರೂ ಅವ್ಯಾ?”

ತಮಾಷೆಯ ಮನುಷ್ಯ ಅಂದುಕೊಂಡೆ. “ಗಂಡಿನ ಸೋದರಮಾವ ಒಬ್ರು ಸ್ವಲ್ಪ ಜೋರಂತೆ” ಎಂದೆ.

“ಅಮ್ಮ, ನಾನು ದನಕ್ಕೆ ಸೂಜಿ ಹಾಕೋ ಗೌಡ. ಜನಕ್ಕೆ ಹಾಕಲ್ಲ.”

ಒಂದಕ್ಷರ ಬಿಡಬಾರದು

ಪಟ್ಟಿಯನ್ನು ಸಕಲೇಶಪುರದ ಪ್ರೆಸ್ಸಿಗೆ ಕೊಟ್ಟು, ಕವರಿನ ಮೇಲೆ ಅಂಟಿಸಲು ಚೀಟಿ ಮಾಡಲು ಹೇಳಿದೆ. “ನೋಡಪ್ಪ, ಒಂದಕ್ಷರ ಬಿಡಬಾರದು” ಎಂದು ಎರಡು ಸಲ ಹೇಳಿದೆ.

ಆತ ಬಿಡಲಿಲ್ಲ. ಹೆಸರು ದಪ್ಪಕ್ಷರದಲ್ಲಿ, ಊರು ಅದರ ಕೆಳಗೆ, ಇನ್ನೂ ಕೆಳಗೆ ಸಣ್ಣಕ್ಷರದಲ್ಲಿ ಗುರುತು. ಅಂಟಿಸಿದ್ದೂ ಪ್ರೆಸ್ಸಿನವರೇ. ಕಟ್ಟನ್ನು ಯಜಮಾನರು ನೇರವಾಗಿ ಜೀಪಿಗೆ ಹಾಕಿಕೊಂಡು ಹಂಚಲು ಹೋದರು. ಕನ್ನಡಕ ಹಾಕಿದರೆ ವಯಸ್ಸು ಕಾಣುತ್ತದೆಂದು ದಪ್ಪಕ್ಷರ ಮಾತ್ರ ಓದುವವರು ಅವರು. ಮಗ್ಗೆಯಲ್ಲಿ ಜೀಪಿನಿಂದ ಇಳಿಯದೆ, ಅತ್ತಿಗೆಯ ಕೈಗೆ ಕವರು ಕೊಟ್ಟು ಬಂದಿದ್ದರು.

ಸಂಜೆ ಉಳಿದ ಕವರುಗಳನ್ನು ನೋಡಿದರೆ, ನನಗೆಂದು ಬರೆದುಕೊಂಡ ಗುರುತೆಲ್ಲ ಅವುಗಳ ಮೇಲೆ ಅಚ್ಚಾಗಿ ಕೂತಿತ್ತು. ‘ಗೊರಕೆ. ಮಂಟಪದ ಹತ್ತಿರ ಕೂರಿಸಬಾರದು.’ ಇನ್ನೊಂದು: ‘ಹೆಂಡತಿಗೆ ಹೇಳಿದರೆ ಸಾಕು.’ ಭಾವನ ಮುಂದೆ ಏನು ಬರೆದಿದ್ದೆನೆಂದು ನೆನಪಾಗುವ ಹೊತ್ತಿಗೆ ಆ ಕವರು ಮಗ್ಗೆ ಸೇರಿತ್ತು.

ಮದುವೆಗೆ ನಾಲ್ಕು ದಿನವಿದೆ ಎನ್ನುವಾಗ ಭಾವ ಬಂದರು. ಅಂಗಳದಲ್ಲೇ ನಿಂತು ಜೇಬಿನಿಂದ ಕವರು ತೆಗೆದರು. ಮಗಳು ಬಾಗಿಲಲ್ಲಿ, ನಾನು ಅವಳ ಹಿಂದೆ.

“ಇದು ನನ್ಗೇ ಬರ್ದಿದ್ದಾ?”

“ಭಾವ, ಅದು...”

“‘ಸಿಟ್ಟು ಮೂಗಿನ ತುದಿಯಲ್ಲಿ.’ ಹಂಗಾದ್ರೆ ನಾನೇ. ಬಿಸಿಲೆಯೋನಲ್ಲ.” ಮುಂದೆ ಊರಿಗೇ ಕೇಳುವಂತೆ ಓದಿದರು: “‘ತಪ್ಪು ನಮ್ಮದೇ.’”

ಕವರು ಮಡಿಸಿದರು. “ಈ ಮಾತ್ನ ಆಡಕ್ಕೆ ನನ್ ತಮ್ಮಂಗೆ ಒಂಬತ್ತು ವರ್ಷದಿಂದ ಬಾಯಿ ಬರ್ಲಿಲ್ಲ. ನೀನು ಅಚ್ಚು ಹಾಕ್ಸಿ ಕಳಿಸ್ಬುಟ್ಟೆ ಕಣಮ್ಮ!”

ಒಳಗಿದ್ದ ಯಜಮಾನರು ಅವಸರದಲ್ಲಿ ಕನ್ನಡಕ ಹುಡುಕಿ ಹಾಕಿಕೊಂಡು ಕವರು ಇಸಿದುಕೊಂಡರು. “ಅಣ್ಣ, ಇನ್ನೂ ಒಂದು ಸಾಲೈತೆ. ‘ಆದರೆ ಒಪ್ಪಿಕೊಳ್ಳುವುದು ಬೇಡ.’”

“ಅಷ್ಟು ಸಣ್ಣಕ್ಷರ ನನ್ ಕಣ್ಗೆ ಕಾಣಲ್ಲ ಕಣೋ ಮಾರಾಯ” ಎಂದು ಭಾವ ಮೆಟ್ಟಿಲು ಹತ್ತಿದರು. ಮಗಳು ಹಸೆಮಣೆ ಏರಿದಾಗ ಪಕ್ಕದಲ್ಲೇ ನಿಂತಿದ್ದರು.

ಕೊನೆಗೆ ಆ ಗುರುತಿನ ಕಾಲಂನಿಂದ ನನಗಾದ ಖರ್ಚು ಇಷ್ಟು: ತಪ್ಪಾಯಿತೆಂದು ಹೇಳಿಕೊಂಡು ಸುತ್ತಿದ ಮನೆ ಹದಿನೇಳು, ಕುಡಿದ ಕಾಫಿ ಹದಿನೇಳು ಲೋಟ, ಹಿಡಿದದ್ದು ಮೂರು ದಿನ, ಕೆಟ್ಟದ್ದು ಒಂದು ವಾರದ ನಿದ್ದೆ.