ಮಾತು ಮೊದಲು, ಬುದ್ಧಿ ಮತ್ತೆ

ಕನ್ನಡಕದಂಗಡಿಯ ಯಜಮಾನರಿಗೆ ಬಾರದ ಮಾತು ಒಂದೇ ಒಂದು: ‘ಗೊತ್ತಿಲ್ಲ’. ದಾರಿ ಕೇಳಿದವರನ್ನು ಅವರು ಬರಿಗೈಲಿ ಕಳಿಸಿದ್ದೇ ಇಲ್ಲ (ದಾರಿ ತಪ್ಪಿಸಿಯಾದರೂ ಕಳಿಸುತ್ತಿದ್ದರು).

ಹೀಗಿರುವಾಗ, ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂರುವ ಅವರ ಹೆಂಡತಿಗೆ ಸಂಕಟವೊಂದು ಬಂತು. ಕಿಟಕಿಗೆ ಕೃತಕ ಬುದ್ಧಿಮತ್ತೆಯ ಯಂತ್ರ ಬರಲಿತ್ತು. ಅದು ಹೇಗೆ ಉತ್ತರ ಹೇಳುತ್ತದೆಂದು ಆಸ್ಪತ್ರೆಯವರು ನಡೆಸುವ ತರಗತಿಯಲ್ಲಿ ಕಲಿತು, ಪರೀಕ್ಷೆಯ ದಿನ ಸ್ವಂತ ಮಾತಿನಲ್ಲಿ ವಿವರಿಸಬೇಕು. ಬಾರದವರಿಗೆ ನೆಲಮಾಳಿಗೆಯ ಹಳೆ ಕಡತಗಳ ಕೋಣೆ. ನಾಲ್ಕು ಜನರ ಮುಖ ನೋಡದಿದ್ದರೆ ಆಕೆಗೆ ಊಟ ಸೇರದು.

“ಅಷ್ಟೇನಾ? ಕೂತ್ಕೋ, ನಾನು ಹೇಳ್ಕೊಡ್ತೀನಿ,” ಎಂದು ಯಜಮಾನರು ಅಂಗಿಯ ತೋಳು ಮಡಚಿದರು. ಯಂತ್ರದ ಹೊಟ್ಟೆಯಲ್ಲಿ ಜಗತ್ತಿನ ಪುಸ್ತಕಗಳೆಲ್ಲ ಸಾಲಾಗಿ ನಿಂತಿರುತ್ತವೆ, ಪ್ರಶ್ನೆ ಬಿದ್ದೊಡನೆ ಸರಿಯಾದ ಪುಟ ತಾನೇ ತೆರೆದುಕೊಳ್ಳುತ್ತದೆ ಎಂದು ಊಟ ಆರುವವರೆಗೆ ಉಪನ್ಯಾಸ ಕೊಟ್ಟರು.

ಪರೀಕ್ಷೆಯ ಸಂಜೆ ಹೆಂಡತಿಯನ್ನು ಕರೆತರಲು ಹೋದರೆ, ತರಗತಿಗೆ ತರಗತಿಯೇ ಅವರತ್ತ ತಿರುಗಿ ನಕ್ಕಿತು. ಮೇಷ್ಟ್ರು ಎದ್ದು ಬಂದು ಕೈ ಕುಲುಕಿದರು. “ನೀವೇನಾ ಸರ್ ಆ ಮಾಡೆಲ್ಲು? ನಾಳೆ ಹೊಸಬರಿಗೆ ನಿಮ್ಮ ಮನೆಯವರದೇ ಪಾಠ, ನೀವೂ ಬನ್ನಿ.”

ಈ ವಯಸ್ಸಿನಲ್ಲಿ ಮಾಡೆಲ್ಲು! ಯಜಮಾನರು ಕಾಲರು ಸರಿಮಾಡಿಕೊಂಡರು (ಹೊಟ್ಟೆಯನ್ನೂ ಕೊಂಚ ಒಳಗೆಳೆದುಕೊಂಡರೆಂದು ಕೇಳಿದ್ದೇವೆ).

ಬೀದಿಗೆ ಬಂದ ಮೇಲೆ ಗುಟ್ಟು ಹೊರಬಿತ್ತು. ಮಾಡೆಲ್ಲೆಂದರೆ ಆ ಯಂತ್ರದ ತಲೆಯಂತೆ. ಅದರೊಳಗೆ ಪುಸ್ತಕಗಳ ಸಾಲೂ ಇಲ್ಲ, ಪುಟವೂ ಇಲ್ಲವಂತೆ. ಬೇಕಾದಷ್ಟು ಓದಿ, ಯಾವ ಪದದ ಬೆನ್ನಿಗೆ ಯಾವ ಪದ ಬಂದೀತೆಂದು ಊಹಿಸುವ ರೂಢಿಯಾಗಿರುತ್ತದಂತೆ. ಹಾಗೇ ಪೋಣಿಸುತ್ತ ಹೋಗುತ್ತದಂತೆ. ತಿಳಿಯದ್ದು ಬಂದರೂ ತಡವರಿಸದೆ, ಭಾರೀ ಗಾಂಭೀರ್ಯದಿಂದ ಏನಾದರೊಂದು ಹೇಳಿಬಿಡುವುದೂ ಉಂಟಂತೆ. ಇದನ್ನೆಲ್ಲ ವಿವರಿಸಲು ನಿಂತಾಗ ಆಕೆಗೆ ಮೇಷ್ಟ್ರ ಮಾತೊಂದೂ ನೆನಪಾಗಲಿಲ್ಲ. ಆಗ ಕಣ್ಣೆದುರು ಬಂದದ್ದು ಗಂಡ.

“‘ಅದಕ್ಕೆ ಮಾತು ಮೊದಲು, ಬುದ್ಧಿ ಮತ್ತೆ, ನಮ್ಮನೆಯವರ ಹಾಗೆ’ ಅಂದ್ಬಿಟ್ಟೆ ರೀ. ಎಲ್ಲರಿಗೂ ಥಟ್ಟಂತ ಅರ್ಥ ಆಗೋಯ್ತು.”

ಯಜಮಾನರ ಹೊಟ್ಟೆ ಸ್ವಸ್ಥಾನಕ್ಕೆ ಮರಳಿತು. “ಅಂದ್ರೆ ನಾನು ಹೇಳೋದೆಲ್ಲ ಬುರುಡೆ ಅನ್ನು,” ಎಂದರು.

“ಎಲ್ಲಾನೂ ಅಲ್ಲ. ಬೆಳಿಗ್ಗೆ ನಾನು ಹೋಗೋದೇ ಇಲ್ಲ ಅಂತ ಕೂತ್ಬಿಟ್ಟಿದ್ದೆ. ‘ಗೆದ್ದು ಬರ್ತೀಯ, ನಂಗೊತ್ತು’ ಅಂದ್ರಿ. ನಿಜವಾಗ್ಲೂ ಗೊತ್ತಿತ್ತಾ?”

ಎಂದಿನ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಯಜಮಾನರು ಅದನ್ನು ನುಂಗಿಕೊಂಡರು.

“ಇಲ್ಲ ಕಣೇ. ನಿಂಗಿಂತ ನಂಗೇ ಹೆಚ್ಚು ಹೆದರಿಕೆಯಾಗಿತ್ತು.”

ಆಕೆ ನಡುಬೀದಿಯಲ್ಲೇ ನಿಂತು ಅವರ ತೋಳು ಹಿಡಿದುಕೊಂಡಳು.

“ನಾಳೆ ಕ್ಲಾಸಲ್ಲಿ ಮಾತ್ರ ಹೀಗೆಲ್ಲ ನಿಜ ಹೇಳ್ಬೇಡಿ ರೀ. ನನ್ನ ಪಾಠ ಕೆಟ್ಟೋಗತ್ತೆ.”